ಗಿರಿಜಕ್ಕನ ಎರಡು ಕೊಡ ಸಮುದ್ರ

ಗಿರಿಜಕ್ಕ ದಿನಾ ಮುಂಜಾನೆ ತನ್ನ ಗಾಜಿನ ಡಬ್ಬಿಯ ನೀರಿನಲ್ಲಿ ವಿಷ ಎಷ್ಟಿದೆ ಎಂದು ನೋಡಿದ ಮೇಲೆಯೇ ಮೊದಲ ರೋಗಿಯ ರಕ್ತ ತೆಗೆಯುತ್ತಿದ್ದಳು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಗೆ ಬಿಳಿ ಗವಸು, ಬೆರಳುಗಳ ನಡುವೆ ಒಂದು ಗಾಜಿನ ನಳಿಕೆ. ಅದರಲ್ಲಿದ್ದ ನೀರಿಗೆ ಔಷಧದ ಹನಿ ಬಿಟ್ಟು, ಅಲುಗಾಡಿಸಿ, ಟ್ಯೂಬ್‌ಲೈಟಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವಳು. ಹಳದಿ ಉಳಿದರೆ ನೀರು ಶುದ್ಧ, ಹಸಿರಾದರೆ ವಿಷ. "ಇವತ್ತೂ ಐತಿ ನೋಡು" ಎಂದು ಪಕ್ಕದ ಅಂಗಡಿಯಲ್ಲಿದ್ದ ನನಗೆ ಕೇಳುವಂತೆ ಹೇಳುವಳು, ಹಾಲು ಬಂತು ಎಂದು ಹೇಳುವಷ್ಟೇ ಸಮಾಧಾನದಿಂದ.

ಮಸ್ಕಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ರಕ್ತಪರೀಕ್ಷೆಯ ಲ್ಯಾಬು, ಅದಕ್ಕೆ ಹತ್ತಿಕೊಂಡು ನನ್ನ ಬ್ಲೌಸ್ ಹೊಲಿಯುವ ಅಂಗಡಿ. ನಡುವೆ ಒಂದೇ ಗೋಡೆ. ಮೇಲೆ ವೈರು ಹಾಯಿಸಲು ಬಿಟ್ಟ ಕಿಂಡಿ ಇತ್ತು. ಒಂಬತ್ತು ವರ್ಷ ನಾವಿಬ್ಬರೂ ಆ ಕಿಂಡಿಯಲ್ಲೇ ಮಾತಾಡಿಕೊಂಡೆವು. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಮದುವೆಯಾಗಿರಲಿಲ್ಲ, ಯಾಕೆಂದು ನಾನೂ ಕೇಳಿರಲಿಲ್ಲ. ಬಳಗಾನೂರಿನಲ್ಲಿ ಅಣ್ಣನ ಮನೆ. ಅಲ್ಲಿಂದಲೇ ದಿನಾ ಬಸ್ಸಿಗೆ ಬರುತ್ತಿದ್ದಳು.

ಯಾವ ಪರೀಕ್ಷೆಯನ್ನೂ ಮೂರು ಸಲ ನೋಡದೆ ಅವಳು ಬರೆಯುತ್ತಿರಲಿಲ್ಲ. ಒಮ್ಮೆ ಲಿಂಗಸುಗೂರಿನ ಬಸ್ಸು ತಪ್ಪುತ್ತದೆ ಎಂದು ಒಬ್ಬ ಸಾಹುಕಾರರು ಬಾಗಿಲಲ್ಲೇ ನಿಂತು ಗದ್ದಲ ಮಾಡಿದರು. ಗಿರಿಜಕ್ಕ ತಲೆ ಎತ್ತಲಿಲ್ಲ. "ಬಸ್ಸು ಇನ್ನೊಂದು ಬರ್ತೈತ್ರಿ. ತಪ್ಪು ರಿಪೋರ್ಟ್ ಹಿಡಕೊಂಡು ಹೋದ್ರ ಡಾಕ್ಟರ್ ಕೊಡೋ ಗುಳಿಗಿ ನುಂಗೋರು ನೀವು" ಎಂದಳು. ಬಸ್ಸು ತಪ್ಪಿತು. ಮುಂದಿನ ಸಲವೂ ಆ ಸಾಹುಕಾರರು ಅವಳಲ್ಲಿಗೇ ಬಂದರು.

ಇಂಥವಳಿಗೆ ಸಮುದ್ರದ ಹುಚ್ಚು ಹತ್ತಿದ್ದು ಗೋಕರ್ಣದಲ್ಲಿ. ಅಣ್ಣನ ಮನೆಯವರ ಜೊತೆ ಹೋಗಿದ್ದಳಂತೆ. ಎಲ್ಲರೂ ಅಲೆಗೆ ಮೈಯೊಡ್ಡಿ ಕೂಗಾಡುತ್ತಿದ್ದಾಗ ಇವಳು ಬಂಡೆಗಳ ನಡುವಿನ ಒಂದು ನೀರಿನ ಹೊಂಡದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಹೊಂಡ ಹಿಟ್ಟು ನಾದುವ ಪರಾತದಷ್ಟು. ಅದರೊಳಗೆ ಏಡಿ, ಉಗುರಿನಷ್ಟು ಮೀನು, ಹೂವಿನಂತೆ ಅರಳಿ ಮುಟ್ಟಿದರೆ ಮುದುಡುವ ಏನೋ ಒಂದು. ಊಟಕ್ಕೆ ಕರೆದರೂ ಏಳಲಿಲ್ಲವಂತೆ. ಊರಿಗೆ ಬಂದ ಮೇಲೆ ತಿಂಗಳುಗಟ್ಟಲೆ ಫೋನಿನಲ್ಲಿ ಓದಿದಳು, ವಿಡಿಯೊ ನೋಡಿದಳು, ನೋಟ್‌ಬುಕ್ಕಿನಲ್ಲಿ ಬರೆದಳು. ದೀಪಾವಳಿ ಮುಗಿದ ವಾರ ಒಂದು ಗಾಜಿನ ಡಬ್ಬಿ ತರಿಸಿದಳು. ಹಿಡಿಯುವುದು ಎರಡು ಕೊಡ ನೀರು. ನನಗೆ ನಗು ಬಂತು. ಅವಳು ನಗಲಿಲ್ಲ. "ಸಣ್ಣದ ಭಾಳ ಕಠಿಣ ಬೇ. ದೊಡ್ಡ ನೀರು ತಪ್ಪು ತಡಕೋತೈತಿ, ಸಣ್ಣ ನೀರು ತಡಕೋಳಂಗಿಲ್ಲ" ಎಂದಳು.

ಸಮುದ್ರದ ಉಪ್ಪಿನ ಪಾಕೀಟು ಕೊರಿಯರಿನಲ್ಲಿ ಬಂತು. ನಳದ ನೀರು ಆಗದು ಎಂದು ಲ್ಯಾಬಿನ ಬಟ್ಟಿ ಇಳಿಸಿದ ನೀರಿಗೇ ಅದನ್ನು ಕರಗಿಸಿದಳು. ಉಪ್ಪು ಸರಿಯಾಗಿದೆಯೇ ಎಂದು ನೋಡಲು ಮೂತ್ರದ ಸಾಂದ್ರತೆ ಅಳೆಯುವಂಥದೇ ಹೊಸದೊಂದು ಗಾಜಿನ ಬುರುಡೆ ತೇಲಿಬಿಟ್ಟಳು. ಸುದ್ದಿ ಹರಡಿ ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಮೀನೆಲ್ಲಿ ಎಂದು ಕೇಳಿದರು. ಮೀನು ಕೊನೆಗೆ ಬರುವುದು, ಮೊದಲು ನೀರು ಜೀವ ಹಿಡಿಯಬೇಕು ಎಂದು ಇವಳು ಹೇಳಿದ್ದು ಯಾರಿಗೂ ಹಿಡಿಸಲಿಲ್ಲ. ಗಿರಿಜಾ ಮೇಡಂ ಬರೀ ನೀರು ಸಾಕ್ಯಾಳ ಎಂದು ಆಡಿಕೊಂಡರು.

ನೀರಿಗೆ ಜೀವ ತುಂಬಲು ಕಣ್ಣಿಗೆ ಕಾಣದ ಜೀವಿಗಳು ಮನೆಮಾಡಿದ ಸಮುದ್ರದ ಕಲ್ಲು ಬೇಕಿತ್ತು. ಹೈದರಾಬಾದಿನಲ್ಲಿ ತನ್ನ ಸಮುದ್ರದ ಮೀನಿನ ದೊಡ್ಡ ತೊಟ್ಟಿ ತೆಗೆದುಬಿಡುತ್ತಿದ್ದ ಒಬ್ಬನ ಗುರುತಾಗಿ, ಅವನು ಬಸ್ಸಿಗೆ ಹಾಕಿ ಕಳಿಸಿದ. ತರಲು ನಾನೂ ಅವಳ ಜೊತೆ ಸಿಂಧನೂರಿಗೆ ಹೋಗಿದ್ದೆ. ಒದ್ದೆ ಪೇಪರಿನಲ್ಲಿ ಸುತ್ತಿದ್ದ ತೆಂಗಿನಕಾಯಿ ಗಾತ್ರದ ಕಲ್ಲು, ಮೈತುಂಬಾ ತೂತು. ಬಸ್ಸಿನಲ್ಲಿ ವಾಪಸು ಬರುವಾಗ ಎಲ್ಲರೂ ಮೂಗು ಮುಚ್ಚಿಕೊಂಡು ನಮ್ಮನ್ನೇ ನೋಡಿದರು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನೀರಿಗೆ ಇಳಿಸಿದ ಮೂರನೆಯ ದಿನ ಕಲ್ಲಿನ ಒಂದು ಮಗ್ಗುಲಿನಲ್ಲಿ ಕಂದು ಹಸಿರು ಬಣ್ಣದ ದುಂಡಗಿನವು ಸಾಲಾಗಿ ಅರಳಿದವು. ಥೇಟ್ ಅಂಗಿಯ ಗುಂಡಿಗಳಂತೆ ಕಾಣುತ್ತವೆ ಎಂದೆ. ಅವಕ್ಕೆ ಗುಂಡಿ ಎಂದೇ ಹೆಸರಾಯಿತು.

ಕಲ್ಲಿನ ಜೀವಿಗಳು ನೀರಿನ ವಿಷವನ್ನು ತಿಂದು ಮುಗಿಸಲಿ ಎಂದು ನಲವತ್ತು ದಿನ ಅವಳು ಆ ಕಲ್ಲು ಮತ್ತು ನೀರನ್ನು ಕಾದಳು. ಕೊನೆಗೊಂದು ಮುಂಜಾನೆ ಕಿಂಡಿಯ ಆ ಕಡೆಯಿಂದ ಏನೂ ಕೇಳಲಿಲ್ಲ. ಹೋಗಿ ನೋಡಿದರೆ ಹಳದಿಯಾಗೇ ಉಳಿದ ನಳಿಕೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನಿಂತಿದ್ದಳು. ಕಣ್ಣು ಒದ್ದೆಯಾಗಿತ್ತು.

ಮೊದಲು ಆರು ಬಸವನಹುಳು ಬಂದವು, ಸಂಕ್ರಾಂತಿಯ ಹೊತ್ತಿಗೆ ಎರಡು ಮೀನು. ಕಿತ್ತಳೆ ಮೈ, ಬಿಳಿ ಪಟ್ಟೆ, ಹೆಬ್ಬೆರಳಿನಷ್ಟು. ಆಕ್ಸಿಜನ್ ತುಂಬಿದ ಕವರಿನಲ್ಲಿ ಬಂದಿದ್ದ ಅವನ್ನು ಅವಳು ಒಮ್ಮೆಗೇ ನೀರಿಗೆ ಬಿಡಲಿಲ್ಲ. ಗ್ಲುಕೋಸ್ ಏರಿಸುವ ನಳಿಕೆ ಕಟ್ಟಿ, ಅವುಗಳ ಕವರಿಗೆ ಹೊಸ ನೀರನ್ನು ಹನಿಹನಿಯಾಗಿ ಬಿಟ್ಟಳು. ಎರಡು ತಾಸು ಪಕ್ಕದಲ್ಲೇ ಕೂತಿದ್ದಳು, ಮೈಗೆ ಹುಷಾರಿಲ್ಲದವರ ಮಂಚದ ಪಕ್ಕ ಕೂತಂತೆ. ಮೊಟ್ಟೆ ಕೂಡ ಮುಟ್ಟದ ಮನೆತನದವಳು ಆ ಮೀನುಗಳಿಗಾಗಿ ಒಣ ಸಿಗಡಿಯನ್ನು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸುತ್ತಿದ್ದಳು. ಎರಡೆರಡು ಗವಸು ಹಾಕಿಕೊಂಡು, ಮುಖ ಆ ಕಡೆ ತಿರುಗಿಸಿಕೊಂಡು. ಮನೆಗೆ ಹೋಗುವ ಮೊದಲು ಮೂರು ಸಲ ಕೈ ತೊಳೆಯುವಳು.

ಹುಳುಗಳು ಕಾಣೆಯಾಗತೊಡಗಿದ್ದು ಶಿವರಾತ್ರಿ ಮುಗಿದ ಮೇಲೆ. ಒಂದು ಮುಂಜಾನೆ ಒಂದು ಚಿಪ್ಪು ಖಾಲಿ ಬಿದ್ದಿತ್ತು. ವಾರಕ್ಕೆ ಇನ್ನೊಂದು. ಅದರ ಅಂಚು ಯಾರೋ ಸುತ್ತಿಗೆಯಿಂದ ಕುಟ್ಟಿದಂತೆ ಒಡೆದಿತ್ತು. ಅದೇ ದಿನಗಳಲ್ಲಿ ನನಗೆ ಶಬ್ದ ಕೇಳತೊಡಗಿತು. ಮಧ್ಯಾಹ್ನ ಓಣಿ ಮಲಗಿದ್ದಾಗ, ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಿದರೆ, ಕಿಂಡಿಯ ಆಚೆಯಿಂದ ಟಕ್ ಎಂದು ಒಂದೇ ಒಂದು ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಗಾಜಿಗೆ ಉಗುರಿನಿಂದ ಬಡಿದಂತೆ.

ಅವಳಿಗೂ ಕೇಳಿಸಿತ್ತು. ಕಲ್ಲಿನ ತೂತಿನಲ್ಲಿ ಏನೋ ಬಂದು ಸೇರಿಕೊಂಡಿದೆ, ಹೈದರಾಬಾದಿನಿಂದಲೇ ಬಂದಿದೆ ಎಂದಳು. ಅಂದರೆ ಇಷ್ಟು ದಿನವೂ ಅದು ಒಳಗೇ ಇತ್ತು. ನಲವತ್ತು ದಿನ ಅವಳು ಕಾಯುತ್ತಿದ್ದಾಗ ಅದೂ ಕಾಯುತ್ತಿತ್ತು. ಅಂದಿನಿಂದ ರೋಗಿಗಳಿಲ್ಲದಾಗೆಲ್ಲ ಅವಳು ಸ್ಟೂಲ್ ಎಳೆದುಕೊಂಡು ಗಾಜಿನ ಮುಂದೆ ಕೂರುತ್ತಿದ್ದಳು. ಕೆಂಪು ಬಲ್ಬು ಹಿಡಿದು ನೋಡಿದಳು, ಬಾಟಲಿಯ ಬೋನು ಮಾಡಿ ಇಟ್ಟಳು. ಅದು ಹೊರಗೆ ಬರಲಿಲ್ಲ. ಒಮ್ಮೆ ಮಾತ್ರ ತೂತಿನೊಳಗೆ ಎರಡು ಕಣ್ಣು ಕಂಡವಂತೆ, ಒಂದೊಂದು ಒಂದೊಂದು ಕಡೆಗೆ ತಿರುಗುವ ಕಣ್ಣು. "ನಾನು ನೋಡಾಕತ್ತಿದ್ದು ಅದಕ್ಕ ಗೊತ್ತೈತಿ ರೇಣುಕಾ" ಎಂದಳು. ಆ ಮಾತು ನನಗೆ ಸರಿಬರಲಿಲ್ಲ. ಅವಳು ಹಾಗೆಲ್ಲ ಮಾತಾಡುವವಳಲ್ಲ.

ತೂತಿಗೆ ತಂತಿ ಹಾಕಿ ಕೆದಕುವಾಗ ಒಂದು ದಿನ ಬೆರಳು ತರಚಿತು. ಗುಂಡಿಗಳಿಗೆ ತಾಗಿರಬೇಕು. ಸಂಜೆಯವರೆಗೆ ಬೆರಳು ಜೋಮು ಹಿಡಿದು, ತುಟಿ ಜುಮುಜುಮು ಎನ್ನುತ್ತಿದೆ ಎಂದಳು. ಚಹಾದ ಲೋಟ ಕೈಯಿಂದ ಜಾರಿತು. ತಾರೀಖು, ಗಂಟೆ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು.

ಬೇಸಿಗೆ ಬಂತು. ನಮ್ಮ ಕಡೆಯ ಬಿಸಿಲಿಗೆ ಆ ನೀರು ಕುದಿಯಬಾರದಲ್ಲ, ಅದಕ್ಕೇ ಒಂದು ಸಣ್ಣ ಫ್ಯಾನು, ಸರದಿಯ ಮೇಲೆ ಬರ್ಫದ ಬಾಟಲಿ, ಕರೆಂಟು ಹೋದರೆ ಗಾಳಿ ಊದಲು ಬ್ಯಾಟರಿಯ ಪಂಪು. ಇಷ್ಟೆಲ್ಲ ಮಾಡಿ ಉಳಿಸಿಕೊಂಡಿದ್ದ ಎರಡು ಮೀನುಗಳಲ್ಲಿ ಒಂದು, ಒಂದು ದಿನ ಮುಂಜಾನೆ ಇರಲಿಲ್ಲ. ಕಲ್ಲಿನ ಬುಡದಲ್ಲಿ ಕಿತ್ತಳೆ ಬಣ್ಣದ ಒಂದು ಚೂರು ಮಾತ್ರ ಬಿದ್ದಿತ್ತು. ಇನ್ನೊಂದು ಮೀನು ಮೇಲಿನ ಮೂಲೆಯಲ್ಲಿ ಗಾಜಿಗೆ ಅಂಟಿಕೊಂಡಂತೆ ನಿಂತಿತ್ತು.

ಅವತ್ತೇ ಮಧ್ಯಾಹ್ನ ಊಟದ ಹೊತ್ತಿಗೆ ಕಿಂಡಿಯಿಂದ ಕರೆದಳು. ಉಳಿದ ಮೀನನ್ನು ಪ್ಲಾಸ್ಟಿಕ್ ಟಬ್ಬಿಗೆ ಹಾಕಿ ಪಂಪು ಹಚ್ಚಿದ್ದಳು. ಕಲ್ಲನ್ನು ತೆಗೆದು ಸ್ಟೀಲ್ ಬಕೆಟ್ಟಿನಲ್ಲಿ ಇಟ್ಟಿದ್ದಳು. ಗುಂಡಿಗಳೆಲ್ಲ ಮುಚ್ಚಿಕೊಂಡು ಲೋಳೆ ಬಿಟ್ಟಿದ್ದವು. ಕುದಿನೀರು ಬಿದ್ದರೆ ತೂತಿನಲ್ಲಿದ್ದದ್ದು ಹೊರಗೆ ಬರಲೇಬೇಕು, ನೀರು ಕಾಸಿಕೊಡು ಎಂದಳು. ನನ್ನ ಚಹಾದ ಸ್ಟವ್ವಿನ ಮೇಲೆ ದೊಡ್ಡ ಪಾತ್ರೆ ಇಟ್ಟು ಕುದಿಸಿ ಒಯ್ದೆ. ಬಿಸಿಗಾಳಿ, ಧೂಳು ಎಂದು ಶೆಟರು ಅರ್ಧ ಎಳೆದಿದ್ದಳು. ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಅವಳು ಪಾತ್ರೆ ಎತ್ತಿ ಕಲ್ಲಿನ ಮೇಲೆ ನಿಧಾನಕ್ಕೆ ಸುರಿದಳು. ಕೋಣೆ ತುಂಬ ಹಬೆ ಎದ್ದಿತು. ವಾಸನೆ ಸಮುದ್ರದ್ದಲ್ಲ, ಬೇರೆ ಏನೋ. ಅಷ್ಟರಲ್ಲಿ ನನ್ನ ಅಂಗಡಿಯ ಮುಂದೆ ಯಾರೋ ಬ್ಲೌಸಿಗೆ ಬಂದು ಕೂಗಿದರು, ನಾನು ಹೊರಗೆ ಬಂದೆ. ಅಳತೆ ತೆಗೆದು ವಾಪಸು ಹೋಗುವಾಗ ಕಾಲು ಗಂಟೆಯಾಗಿರಬೇಕು. ಅವಳು ಬಕೆಟ್ಟಿನ ಮೇಲೆ ಬಗ್ಗಿಯೇ ಇದ್ದಳು.

"ಸಿಕ್ತು" ಎಂದಳು.

ಚಿಮಟಿಗೆಯಲ್ಲಿ ಬೆರಳುದ್ದದ ಒಂದು ಪ್ರಾಣಿ. ಸಿಗಡಿಯಂಥ ಮೈ, ಮಿಡತೆಯ ಹಿಂಗಾಲಿನಂತೆ ಮಡಚಿದ ಮುಂಗಾಲು, ಬೆಂದು ಕೆಂಪಾಗಿತ್ತು. ಗಿರಿಜಕ್ಕನ ಮುಖವೂ ಕೆಂಪಾಗಿತ್ತು. ನಗುತ್ತಿದ್ದಳು, ನಡುನಡುವೆ ಕೆಮ್ಮುತ್ತಿದ್ದಳು.

ನಾಲ್ಕು ಗಂಟೆಗೆ ಬಾಯಲ್ಲಿ ತಾಮ್ರದ ಬಿಲ್ಲೆ ಇಟ್ಟುಕೊಂಡಂತಾಗಿದೆ ಎಂದಳು. ನನ್ನ ಬಾಯಿಯೂ ಕಹಿಯಾಗಿತ್ತು, ಕುಡಿದ ಚಹಾದ್ದು ಎಂದುಕೊಂಡೆ. ಐದಕ್ಕೆ ಆ ಉರಿಬಿಸಿಲಿನಲ್ಲಿ ಅವಳಿಗೆ ಚಳಿ ಹತ್ತಿತು. ನನ್ನಲ್ಲಿದ್ದ ಲೈನಿಂಗ್ ಬಟ್ಟೆಯ ಥಾನನ್ನೇ ಹೊದಿಸಿದೆ. ಹಲ್ಲು ಕಟಕಟ ಎನ್ನುತ್ತಿದ್ದರೂ ತನ್ನ ತೋಳಿಗೆ ತಾನೇ ಪಟ್ಟಿ ಬಿಗಿದು ರಕ್ತ ತೆಗೆದಳು. ಸೂಕ್ಷ್ಮದರ್ಶಕದಲ್ಲಿ ನೋಡಿ, ಮಲೇರಿಯಾ ಅಲ್ಲ ಎಂದು ಚೀಟಿಯಲ್ಲಿ ಬರೆದಳು. ಆಮೇಲೆ ಹೈದರಾಬಾದಿನವನಿಗೆ ಫೋನು ಹಚ್ಚಿದಳು. ನಡೆದದ್ದನ್ನೆಲ್ಲ ಹೇಳಿದಳು. ಆ ಗುಂಡಿಗಳ ಮೈಯಲ್ಲಿ ಘೋರವಾದ ವಿಷವಿರುತ್ತದೆ, ಕುದಿನೀರು ಹಾಕಿದರೆ ಹಬೆಯಲ್ಲಿ ಏಳುತ್ತದೆ, ಮೊದಲು ಅಲ್ಲಿಂದ ಹೊರಗೆ ಬನ್ನಿ ಎಂದು ಅವನು ಹೇಳಿದ.

ಅವಳು ಫೋನಿಟ್ಟು ಎದ್ದು, ಶೆಟರು ಪೂರ್ತಿ ಎಳೆದು ಬೀಗ ಹಾಕಿಸಿ, ಕೀಲಿಯನ್ನು ನನ್ನ ಕೈಗೆ ಕೊಟ್ಟಳು. "ಮೂರು ದಿನ ಯಾರೂ ಒಳಗ ಹೋಗಬಾರದು. ನೀನೂ ಹೋಗಬ್ಯಾಡ. ಏನ ಕೇಳಿಸಿದ್ರೂ ಹೋಗಬ್ಯಾಡ. ನನ್ನಾಣಿ ಐತಿ."

ಹಳೆ ಬಟ್ಟೆ ತುರುಕಿ ಕಿಂಡಿ ಮುಚ್ಚಿದೆ. ಅವಳನ್ನು ಲಿಂಗಸುಗೂರಿಗೆ ಕರೆದೊಯ್ದೆ. ಅಲ್ಲಿ ಡಾಕ್ಟರು ನೋಡಿ ಉಸಿರಾಟ ಸರಿಯಿಲ್ಲ ಎಂದು ರಾಯಚೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಅವಳು ತನ್ನ ನಾಡಿ ತಾನೇ ಹಿಡಿದುಕೊಂಡು ಎಣಿಸುತ್ತಿದ್ದಳು. ಅಣ್ಣ ಅಲ್ಲಿಗೆ ಬಂದ ಮೇಲೆ ನಾನು ಮಸ್ಕಿಗೆ ತಿರುಗಿ ಬಂದೆ.

ಮರುದಿನ ಅಂಗಡಿಯಲ್ಲಿ ಕೂತಾಗ ಗೋಡೆಯ ಆಚೆ ಪಂಪಿನ ಗುಂಯ್ ಎನ್ನುವ ಸದ್ದು ಕೇಳುತ್ತಿತ್ತು. ಕಿಂಡಿಗೆ ತುರುಕಿದ ಬಟ್ಟೆಯ ಮೂಲಕವೂ ಕೇಳುತ್ತಿತ್ತು. ಟಬ್ಬಿನಲ್ಲಿ ಮೀನು ಇನ್ನೂ ಬದುಕಿದೆ ಎಂದು ನನಗೆ ಗೊತ್ತಿತ್ತು. ಕೀಲಿ ನನ್ನ ಸೆರಗಿನಲ್ಲೇ ಇತ್ತು. ಮಿಷನ್ ತುಳಿದೆ, ರೇಡಿಯೊ ಹಚ್ಚಿದೆ. ಎರಡನೆಯ ದಿನ ಸಂಜೆ ಸದ್ದು ಎಳೆದೆಳೆದು ಬರತೊಡಗಿತು, ಆಮೇಲೆ ನಿಂತಿತು. ನಾನು ಬೇಗ ಅಂಗಡಿ ಮುಚ್ಚಿ ಮನೆಗೆ ಹೋದೆ.

ನಾಲ್ಕನೆಯ ದಿನ ಮುಖಕ್ಕೆ ಎರಡು ಪದರ ಬಟ್ಟೆ ಕಟ್ಟಿ, ಅವಳು ಫೋನಿನಲ್ಲಿ ಹೇಳಿದಂತೆ ಎಲ್ಲದರ ಮೇಲೂ ಬ್ಲೀಚಿಂಗ್ ಪೌಡರ್ ಸುರಿದು ನೆನೆಹಾಕಿದೆ. ಕಲ್ಲು, ನೀರು, ಆ ಪ್ರಾಣಿ, ಮೀನು, ಎಲ್ಲವನ್ನೂ ಊರ ಹೊರಗೆ ಆಳ ತೆಗ್ಗು ತೋಡಿಸಿ ಮುಚ್ಚಿಸಿದೆ. ಚರಂಡಿಗೆ ಒಂದು ಹನಿ ಹೋಗಬಾರದು ಎಂದು ಅವಳು ಮೂರು ಸಲ ಹೇಳಿದ್ದಳು.

ಆಸ್ಪತ್ರೆಯಿಂದ ಅವಳು ಬಂದಳು, ಆದರೆ ಉಸಿರು ಮೊದಲಿನಂತೆ ಬರಲಿಲ್ಲ. ಚಿಕ್ಕಂದಿನಲ್ಲಿ ದಮ್ಮು ಇತ್ತಂತೆ, ನನಗೆ ಎಂದೂ ಹೇಳಿರಲಿಲ್ಲ. ಲ್ಯಾಬು ಮತ್ತೆ ತೆರೆಯಲಿಲ್ಲ. ಶ್ರಾವಣ ಮುಗಿಯುವುದರೊಳಗೆ ಗಿರಿಜಕ್ಕ ಹೋದಳು. ಅದಕ್ಕೂ ಹದಿನೈದು ದಿನ ಮೊದಲು ನಾನು ಬಳಗಾನೂರಿಗೆ ಹೋಗಿದ್ದೆ. ಅದೇ ಕೊನೆ.

ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಹೊರಗೆ ಮೋಡ ಕವಿದಿತ್ತು, ಗದ್ದೆಯಲ್ಲಿ ನಾಟಿ ನಡೆದಿತ್ತು. ವಿಭೂತಿ ಹಚ್ಚಿದ ಹಣೆ ಮಾತ್ರ ಮೊದಲಿನಂತೆ ಇತ್ತು, ಉಳಿದ ಮೈಯೆಲ್ಲ ಅರ್ಧವಾಗಿತ್ತು. ಓಣಿಯ ಸುದ್ದಿ ಕೇಳಿದಳು, ಸೂಕ್ಷ್ಮದರ್ಶಕವನ್ನು ಯಾರಿಗಾದರೂ ಉಪಯೋಗವಾಗುವವರಿಗೆ ಕೊಡು ಎಂದಳು. ಮೀನಿನ ಮಾತು ತೆಗೆಯಲಿಲ್ಲ. ಅತ್ತಿಗೆ ಚಹಾ ತರಲು ಒಳಗೆ ಹೋದಾಗ, ಉಸಿರು ಕೂಡಿಸಿಕೊಂಡು, ನನ್ನ ಕಡೆ ನೋಡದೆ ಕೇಳಿದಳು:

"ಆವತ್ತು ನೀರು ಕಾಸು ಅಂದಾಗ ನಿನಗ ಏನರ ಅನುಮಾನ ಬಂದಿತ್ತೇನು?"

ಬಂದಿತ್ತು. ಅವಳ ಕೈಯಿಂದ ಲೋಟ ಜಾರಿದ್ದನ್ನು ನಾನು ನೋಡಿದ್ದೆ. ಪಾತ್ರೆ ಒಯ್ಯುವಾಗ ಅದೇ ನೆನಪಾಗಿತ್ತು. ಅಕ್ಕನಿಗೆ ತಿಳಿಯದ್ದು ನನಗೇನು ತಿಳಿದೀತು ಎಂದು ಸುಮ್ಮನಿದ್ದೆ.

"ಇಲ್ಲಕ್ಕ" ಎಂದೆ.

"ನನಗ ಬಂದಿತ್ತು" ಎಂದಳು. "ಬೆರಳು ಜೋಮು ಹಿಡಿದಿದ್ದು ಬರದಿಟ್ಟಿದ್ದೆ ನೋಡು, ಅವತ್ತು ಮುಂಜಾನಿ ಅದನ್ನ ತೆಗೆದು ಓದಿದ್ದೆ. ಒಂದು ದಿನ ತಡದು ಆ ಹೈದರಾಬಾದಿನವರನ್ನ ಕೇಳಿದ್ರ ಆಗ್ತಿತ್ತು. ಕೇಳಲಿಲ್ಲ. ಅದು ಸಾಯೋದು ನನ್ನ ಕಣ್ಣಿಲೆ ನೋಡಬೇಕಾಗಿತ್ತು ನನಗ."

ನನಗೂ ಬಂದಿತ್ತಕ್ಕ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳಿಗೆ ಕೆಮ್ಮು ಹತ್ತಿತು. ಅತ್ತಿಗೆ ಓಡಿಬಂದು ಬೆನ್ನು ನೀವುತ್ತಾ, ಮಾತಾಡಿಸಬೇಡ ಎಂದು ನನಗೆ ಕಣ್ಣಲ್ಲೇ ಹೇಳಿದಳು. ಕೆಮ್ಮು ನಿಲ್ಲಲಿ ಎಂದು ಬಾಗಿಲ ಹತ್ತಿರ ನಿಂತು ಕಾದೆ. ಅದು ನಿಲ್ಲಲಿಲ್ಲ. ಮಸ್ಕಿಯ ಬಸ್ಸು ಬಂತು ಎಂದು ಹೊರಗಿನಿಂದ ಅವಳ ಅಣ್ಣ ಕೂಗಿದರು. ಹೇಳದೆಯೇ ಹೊರಟುಬಂದೆ.