ಹಿಂದಿನ ಗೇಟಿನ ಹಳದಿ ಕಲ್ಲು

ಐದನೆಯದೂ ಹೆಣ್ಣಾದಾಗ ಅಪ್ಪ ಮಗುವಿಗೆ ಧಾಪು ಎಂದು ಹೆಸರಿಟ್ಟ. ಸಾಕು, ಹೊಟ್ಟೆ ತುಂಬಿತು ಎಂದು ಅದರರ್ಥ. ಆದರೆ ಬೂಂದಿ ಸೀಮೆಯ ಆ ಕೇರಿಯಲ್ಲಿ ಧಾಪುವಿನಷ್ಟು ಪ್ರಶ್ನೆ ಕೇಳಿಯೂ ಸಾಕೆನ್ನದ ಹೆಂಗಸು ಇನ್ನೊಬ್ಬಳಿರಲಿಲ್ಲ.

ಮದುವೆಯಾಗಿ ಬಂದಾಗಿನಿಂದ ಅವಳು ಅಂಗಳದ ಬೇವಿನ ನೆರಳಲ್ಲಿ ಕೂತು ಕಲ್ಲು ಕಡಿಯುತ್ತಿದ್ದಳು. ಗಣಿಯ ಹಳದಿ ಕಲ್ಲು ಅವಳ ಉಳಿಯಡಿ ಬೆಲ್ಲದಚ್ಚಿನಂತೆ ಚೌಕವಾಗುತ್ತಿತ್ತು. ಟ್ರ್ಯಾಕ್ಟರ್ ಬಂದು ಒಯ್ಯುತ್ತಿತ್ತು. ಯಾವುದೋ ತಣ್ಣನೆಯ ದೇಶದಲ್ಲಿ ಗೇಟಿನಿಂದ ಮನೆ ಬಾಗಿಲ ತನಕ ಕಾರು ಓಡಾಡುವ ಹಾದಿಗೆ ಅದನ್ನು ಹಾಸುತ್ತಾರಂತೆ. ಆಮೇಲೆ ಅದಕ್ಕೇನಾಗುತ್ತದೆ? ಎಷ್ಟು ಕಾಲ ತಡೆಯುತ್ತದೆ? ಮಗಳನ್ನು ದೂರದೂರಿಗೆ ಕೊಟ್ಟವಳಂತೆ ಧಾಪು ಕಂಡಕಂಡವರನ್ನು ಕೇಳುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಉತ್ತರ ತಾನಾಗಿ ಬಂತು. ಕಲ್ಲು ಕೊಳ್ಳುವ ಹರಕಚಂದ ಸೇಠರು ಕೋಟಾದಿಂದ ಬಂದು, "ಅಲ್ಲಿ ಹಳದಿ ಕಲ್ಲು ಕಾರಿನ ಚಕ್ರದಡಿ ಹಪ್ಪಳದಂಗೆ ಚಕ್ಕೆ ಎದ್ದಿದೆಯಂತೆ. ಇನ್ಮೇಲೆ ಬೂದು ಕಲ್ಲು ಮಾತ್ರ ತಗೋತೀನಿ" ಅಂದರು. ಬೂದು ಕಲ್ಲಿನ ಗಣಿ ಪಕ್ಕದೂರಿನವರದು. ಈ ಕೇರಿಯ ಹೆಂಗಸರಿಗೆ ಹಳದಿ ಕಲ್ಲು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಧಾಪು ಸೆರಗನ್ನು ಮೂಗಿನ ತನಕ ಎಳೆದುಕೊಂಡು ಕೇಳಿದಳು. "ಕಣ್ಣಾರೆ ಕಂಡ್ರಾ ಸೇಠ್‌ಜಿ?"

"ನಾನೆಲ್ಲಿ ನೋಡ್ಲಿ? ಫೋನಲ್ಲಿ ಹೇಳಿದ್ರು."

"ಹಂಗಾದ್ರೆ ಊರಾಚೆ ನೀವು ಕಲ್ಲು ಪೇರಿಸೋ ಯಾರ್ಡಿನ ಹಿಂದಿನ ಗೇಟಲ್ಲಿ ಒಂದು ಕಲ್ಲು ಕೂರಿಸ್ತೀನಿ. ಲೋಡ್ ಲಾರಿಗಿಂತ ಭಾರದ ಕಾರು ಯಾವ ದೇಶದಲ್ಲಿದೆ? ಎರಡು ಮಳೆಗಾಲ ಕಳೀಲಿ. ಚಕ್ಕೆ ಎದ್ರೆ ಉಳಿ ಬಾವಿಗೆ ಹಾಕ್ತೀನಿ."

ಸೇಠರು ನಕ್ಕರು. "ಅಲ್ಲಿವರೆಗೆ ಕೊಳ್ತೀನಿ. ಆದ್ರೆ ಕೂರಿಸಿದ ಮೇಲೆ ನೀನು ಆ ಕಡೆ ತಲೆ ಹಾಕ್ಬಾರ್ದು. ಕಲ್ಲು ಬದಲಾಯಿಸಿಬಿಟ್ಟೀಯಾ!"

ಲಾರಿ ಚಕ್ರದ ಜಾಡಿನಲ್ಲೇ ಧಾಪು ಅಗಲವಾದ ಕಲ್ಲೊಂದನ್ನು, ಗಣಿಯಲ್ಲಿದ್ದಂತೆಯೇ ಅದರ ಪದರಗಳು ಒಂದರ ಮೇಲೊಂದು ಮಲಗುವಂತೆ, ತುಸು ಎತ್ತರಕ್ಕೆ ಕೂರಿಸಿದಳು. ಅದು ಅಲುಗದಂತೆ ಸುತ್ತಲೂ ಅದೇ ಗಣಿಯ ಬೇಡವೆಂದು ಬಿಟ್ಟ ತುಂಡುಗಳನ್ನು ಹಾಗೆಯೇ ಮಲಗಿಸಿ ಬಡಿದಳು. ಕಣ್ಣಿಗೆ ಕಾಣದ ಬಿರುಕಿದ್ದರೆ ಗೆರೆ ಕಪ್ಪಾಗಲೆಂದು ನಡುವಿನ ಕಲ್ಲಿಗೆ ಸಾಸಿವೆ ಎಣ್ಣೆ ತಿಕ್ಕಿದಳು. ಗೆರೆ ಮೂಡಲಿಲ್ಲ. ಕಲ್ಲು ಬಿಸಿಲಿಗೆ ಮಿರಮಿರ ಮಿಂಚಿತು.

ಆಮೇಲೆ ಟ್ರ್ಯಾಕ್ಟರ್ ಓಡಿಸುವ ಛೀತರ್ ಬಂದಾಗಲೆಲ್ಲ ಅವಳದೊಂದೇ ಪ್ರಶ್ನೆ. "ಹೆಂಗಿದೆಯೋ ನನ್ನ ಕಲ್ಲು?"

"ಅದರ ಮಹಿಮೆ ದೊಡ್ಡದು ಕಾಕಿ. ಒಂಚೂರೂ ಮುಕ್ಕಾಗಿಲ್ಲ."

ಅಂಥ ದಿನ ಧಾಪು ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದಳು.

ಎರಡನೆಯ ಮಳೆಗಾಲ ಮುಗಿದ ಮೇಲೆ ಸೇಠರು ಬಂದರು. ಕೇರಿಯ ಹೆಂಗಸರೆಲ್ಲ ಧಾಪುವಿನ ಬೆನ್ನಿಗೆ ಹಿಂದಿನ ಗೇಟಿಗೆ ಹೋದರು. ಹೋದವರು ಅಲ್ಲೇ ನಿಂತರು. ಕಲ್ಲಿನ ಮೈತುಂಬ ಸಿಂಧೂರ, ಮೇಲೆ ಬೆಳ್ಳಿಯ ಹಾಳೆ, ಪಕ್ಕದಲ್ಲಿ ಒಡೆದ ತೆಂಗಿನಕಾಯಿ. ಅಷ್ಟರಲ್ಲಿ ಲೋಡ್ ಲಾರಿಯೊಂದು ಬಂತು. ಚಾಲಕ ಹಣೆಗೆ ಕೈ ಮುಟ್ಟಿಸಿ, ಕಲ್ಲನ್ನು ಬಳಸಿಕೊಂಡು ಹೊರಟುಹೋದ.

"ಇದೇನೋ ಛೀತರ್?"

"ಭೈರೂಜಿ ದೇವರು ಕಾಕಿ! ನೀವೇ ಎಣ್ಣೆ ಹಚ್ಚಿ ಕೂರಿಸಿದ್ರಲ್ಲ? ಮಾರನೇ ದಿನಾನೇ ಕಾಯಿ ಒಡೆದ್ವಿ. ಅವತ್ತಿನಿಂದ ಒಬ್ಬರ ಬ್ರೇಕೂ ಕೈಕೊಟ್ಟಿಲ್ಲ."

"ಅಯ್ಯೋ ಮುಂಡೇದೇ, ಒಂದು ಚಕ್ರಾನೂ ಹತ್ತಿಲ್ವಾ?"

"ದೇವರ ಮೇಲೆ ಲಾರಿ ಹತ್ತಿಸೋಕೆ ನಮಗೇನು ಹುಚ್ಚಾ?"

ಸೇಠರು ಕೈ ಕೊಡವಿದರು. "ದೇವರು ಸವೀಲಿಲ್ಲ ಅನ್ನೋದು ಒಂದು ಪರೀಕ್ಷೇನಾ ಧಾಪು ಬಾಯಿ? ಉಳಿ ಎಲ್ಲಿ?"

ಧಾಪು ನೆಲ ನೋಡುತ್ತ ನಿಂತಳು. ಈಗಷ್ಟೇ ಹೋದ ಲಾರಿಯ ಜಾಡು ಹಸಿಯಾಗಿತ್ತು. ಅದು ಭೈರೂಜಿಯನ್ನು ಬಳಸಿ, ಅವಳು ಬಡಿದು ಕೂರಿಸಿದ್ದ ತುಂಡುಗಳ ಮೇಲೇ ಹಾದಿತ್ತು. ಅವಳು ಕುಕ್ಕರಗಾಲಲ್ಲಿ ಕೂತು ಕೆಸರು ಬಳಿದು, ಒಂದು ಕೊಡ ನೀರು ಸುರಿದಳು. ತುಂಡುಗಳ ಅಂಚು ದುಂಡಗಾಗಿತ್ತು, ಮೈ ಬೀಸುಕಲ್ಲಿನಂತೆ ನುಣುಪಾಗಿತ್ತು. ಚಕ್ಕೆ ಎಲ್ಲೂ ಎದ್ದಿರಲಿಲ್ಲ. ಕಲ್ಲಿನಿಂದ ತಟ್ಟಿದಳು. ಕಂಚಿನಂತೆ ದನಿ ಬಂತು.

"ಎಣ್ಣೆ ತರಿಸಿ ಸೇಠ್‌ಜಿ, ಬಿರುಕು ನೋಡೋಣ."

"ಬೇಡ ಕಾಕಿ!" ಎಂದ ಛೀತರ್. "ಇವೂ ದೇವರಾಗಿಬಿಟ್ರೆ ಲಾರಿ ಎಲ್ಲಿ ಓಡಿಸ್ಬೇಕು?"

ಸೇಠರು ಪಂಚೆ ಎತ್ತಿಕೊಂಡು ಕೂತು ಒಂದೊಂದನ್ನೇ ಬೆರಳಲ್ಲಿ ಸವರಿ ನೋಡಿದರು. "ಮತ್ತೆ ಅಲ್ಲಿ ಯಾಕೆ ಎದ್ದಿತು?"

"ಪದರ ಮಲಗಿಸಿ ಹಾಸಿದ್ರಾ, ನಿಲ್ಲಿಸಿ ಹಾಸಿದ್ರಾ? ನಿಲ್ಲಿಸಿದ್ರೆ ಚಕ್ಕೆ ಏಳದೆ ಇರ್ತದಾ? ಕೇಳಿ ನೋಡಿ. ನಂಗೂ ಗೊತ್ತಾಗ್ಬೇಕು."

"ಕೇಳ್ತೀನಿ" ಎಂದು ಸೇಠರು ಎದ್ದರು. "ಛೀತರ್, ಹಳದಿ ಕಲ್ಲು ತರೋಕೆ ನಾಳೆ ಟ್ರ್ಯಾಕ್ಟರ್ ಇವರ ಕೇರಿಗೆ."

ಹೆಂಗಸರು ನಗುತ್ತ ಹೊರಟರು. ಧಾಪು ಹಿಂದೆ ಉಳಿದು ಭೈರೂಜಿಗೆ ಕೈಮುಗಿದಳು. ಆಮೇಲೆ ಇನ್ನಷ್ಟು ಬಗ್ಗಿ, ಬೆಳ್ಳಿ ಹಾಳೆಯ ಅಂಚಿನಲ್ಲಿ ಇಣುಕಿದಳು. ಚಕ್ರ ಹತ್ತಿದ್ದರೆ ಇದು ಹೇಗಿರುತ್ತಿತ್ತು? ಇದೊಂದನ್ನು ಮಾತ್ರ ಇನ್ನು ಯಾರನ್ನೂ ಕೇಳುವಂತಿರಲಿಲ್ಲ.