ಒಡಿಲಿಯಾ ಕೂಗಿದ ತಪ್ಪು ಊರು

ನಮ್ಮ ವಿಯಾರಿಕಾದ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ಮೈಕಿನಲ್ಲಿ ಕೂಗುತ್ತಿದ್ದವಳು ನನ್ನ ಪಕ್ಕದ ಮನೆಯ ಒಡಿಲಿಯಾ. ದೊಡ್ಡ ಮೈಕಟ್ಟು, ಅದಕ್ಕಿಂತ ದೊಡ್ಡ ಗಂಟಲು. ಅವಳು ಗಂಡನನ್ನು ಊಟಕ್ಕೆ ಕರೆದರೆ ಬೀದಿಯ ಗಂಡಸರೆಲ್ಲ ಕೈ ತೊಳೆಯುತ್ತಿದ್ದರು. ಕಳೆದ ವರ್ಷ ನಿಲ್ದಾಣದವರು ಕೂಗುವ ಯಂತ್ರ ತಂದು ಅವಳನ್ನು ಮನೆಗೆ ಕಳಿಸಿದರು. ಕೆಲಕಾಲ ಕೋಳಿಗಳ ಮೇಲೆ ಕೂಗಾಡಿಕೊಂಡಿದ್ದಳು. ಅಷ್ಟರಲ್ಲಿ ಹೊಸ ಬಸ್ ಕಂಪನಿಯೊಂದು ಊರಾಚೆ ತನ್ನದೇ ನಿಲ್ದಾಣ ಕಟ್ಟಿತು. ಮೈಕಿಗೆ ಜನ ಬೇಕಂತೆ ಎಂಬ ಸುದ್ದಿ ಬಂತು.

ಅವಳ ಅಕ್ಕನ ಮಗಳು ಲಿಸಾಂದ್ರಾ ಅಂಗಡಿ ಕೆಲಸಕ್ಕೆಂದು ಇಂಟರ್‌ವ್ಯೂ ಎದುರಿಸಿ ಗೆದ್ದು ಬಂದವಳು. ಹಾಗಾಗಿ ಅವಳೇ ಗುರು. ಮಾವಿನ ಮರದಡಿ ಮೂವರೂ ತಣ್ಣೀರಲ್ಲಿ ಎಲೆ ನೆನೆಸಿದ ತೆರೆರೆ ಪಾನೀಯ ಹೀರುತ್ತ ಕೂತೆವು. ದನದ ಕೊಂಬಿನ ಒಂದೇ ಲೋಟ ಕೈಯಿಂದ ಕೈಗೆ ಹೋಗುತ್ತಿತ್ತು.

“ಚಿಕ್ಕಮ್ಮ, ‘ಕೆಲಸದಲ್ಲಿ ಏನು ತಪ್ಪು ಮಾಡಿದ್ದೀರಿ’ ಅಂತ ಕೇಳೇ ಕೇಳ್ತಾರೆ. ‘ಎಲ್ಲಾ ಅಚ್ಚುಕಟ್ಟಾಗೇ ಆಗ್ಬೇಕು ಅನ್ನೋ ಹಟಾನೇ ನನ್ನ ತಪ್ಪು’ ಅನ್ನು.”

“ಅದು ತಪ್ಪು ಹೇಗಾಗತ್ತೆ?”

“ಆಗಲ್ಲ. ಅದಕ್ಕೇ ಹೇಳೋದು.”

“ನನ್ನ ಅಡುಗೆಮನೆ ನೋಡಿದೋರು ಬಿದ್ದುಬಿದ್ದು ನಗ್ತಾರೆ ಕಣೆ.”

“ಅವರೇನು ಅಡುಗೆಮನೆಗೆ ಬರ್ತಾರಾ? ಬಾಯಿಪಾಠ ಮಾಡು.”

ಮಾಡಿದಳು. ಇಂಟರ್‌ವ್ಯೂ ದಿನ ಅವಳೆದುರು ಕೂತಿದ್ದವರು ಇಬ್ಬರು: ಕನ್ನಡಕದ ಹುಡುಗಿ ಬೆರೋನಿಕಾ ಮತ್ತು ನರೆತ ಮೀಸೆಯ ಮ್ಯಾನೇಜರ್ ದೋನ್ ಎಲಿಹಿಯೊ. ತಪ್ಪಿನ ಪ್ರಶ್ನೆ ಬಂತು. ಒಡಿಲಿಯಾ ಪಾಠ ಒಪ್ಪಿಸಿದಳು. ಬೆರೋನಿಕಾ ಆಕಳಿಕೆ ತಡೆದುಕೊಂಡಳು.

“ಬೆಳಗ್ಗಿಂದ ಬಂದೋರೆಲ್ಲ ಇದನ್ನೇ ಹೇಳಿದ್ರು ಅಮ್ಮ,” ಎಂದರು ದೋನ್ ಎಲಿಹಿಯೊ. “ಈ ಊರಲ್ಲಿ ಯಾರೂ ಎಡವಿದ್ದೇ ಇಲ್ವೇನೋ!”

ಒಡಿಲಿಯಾಳಿಗೆ ನಾಚಿಕೆಯಾಯಿತು. ಆಮೇಲೆ ನಗು ಬಂತು. “ನಿಜ ಹೇಳ್ಲಾ ಸ್ವಾಮಿ? ನಾನು ಒಂದು ಮದುವೆಯ ವಾದ್ಯದೋರನ್ನೇ ಕಳೆದುಹಾಕಿದ್ದೆ.”

ಆ ಶನಿವಾರ ನಿಲ್ದಾಣ ಕಿಕ್ಕಿರಿದಿತ್ತು. ದಕ್ಷಿಣಕ್ಕೆ ಕಾಸಪಾ, ಉತ್ತರಕ್ಕೆ ಕಾಗ್ವಾಸು. ಎರಡೂ ಬಸ್ಸು ಒಟ್ಟಿಗೇ ಹೊರಡಬೇಕು. ಬಾಯಲ್ಲಿ ಚಿಪಾ ರೊಟ್ಟಿ ಇಟ್ಟುಕೊಂಡೇ ಒಡಿಲಿಯಾ ಒಂದರ ಹೆಸರನ್ನು ಇನ್ನೊಂದಕ್ಕೆ ಕೂಗಿಬಿಟ್ಟಳು. ಕಾಸಪಾದ ಮದುವೆಗೆ ಹೊರಟಿದ್ದ ವಾದ್ಯದವರು ಹಾರ್ಪ್ ಎಂಬ ದೊಡ್ಡ ತಂತಿವಾದ್ಯಗಳನ್ನು ಹೊತ್ತು ಕಾಗ್ವಾಸು ಬಸ್ಸು ಹತ್ತಿದರು. ನೂಕುನುಗ್ಗಲಿನಲ್ಲಿ ಚಾಲಕ ಅನಸ್ತಾಸಿಯೊ ಚೀಟಿ ನೋಡಲಿಲ್ಲ. ಬಹಳ ದೂರ ಹೋದ ಮೇಲೆ ಹಾರ್ಪಿನ ಮುದುಕ, “ಬಿಸಿಲು ಯಾಕೋ ಈ ಕಡೆ ಕಿಟಕಿಗೆ ಬರ್ತಿದೆಯಲ್ಲ?” ಎಂದನಂತೆ. ಇಳಿದು, ರಸ್ತೆ ಬದಿಯ ಅಂಗಡಿಯಿಂದ ನಿಲ್ದಾಣಕ್ಕೆ ಫೋನು ಮಾಡಿದರು.

“ಆಮೇಲೆ?” ಬೆರೋನಿಕಾ ಮುಂದಕ್ಕೆ ಬಾಗಿದಳು.

“ನಮ್ಮ ಭಾವನ ಕಿತ್ತಳೆ ಲಾರಿ ಇಸ್ಕೊಂಡು ಓಡಿದೆ. ವಾದ್ಯದೋರನ್ನ ಹಣ್ಣಿನ ಮೇಲೇ ಕೂರಿಸ್ಕೊಂಡು ಬಂದೆ. ಮದುವೆ ಮನೆ ಮುಟ್ಟೋ ಹೊತ್ತಿಗೆ ಹುಡುಗಿ ಅಪ್ಪ ಖಾಲಿ ಡಬ್ಬ ಬಡೀತಾ ಇದ್ದ, ಜನ ಕುಣೀತಾ ಇದ್ರು. ಹಾರ್ಪ್ ಕಂಡಿದ್ದೇ ಮದುಮಗಳು ನನ್ನ ಕೊರಳಿಗೆ ಬಿದ್ಲು. ತಪ್ಪು ನಂದೇ ಅಂತ ಅವಳಿಗೆ ಗೊತ್ತೇ ಇರಲಿಲ್ಲ ಪಾಪ!”

ದೋನ್ ಎಲಿಹಿಯೊ ಮೀಸೆಯಡಿ ನಕ್ಕರು. “ನಿಮ್ಮ ಸಾಹುಕಾರರಿಗೆ ಗೊತ್ತಾಯ್ತಾ?”

“ಅವ್ರು ಅನಸ್ತಾಸಿಯೊನ ಕೆಲಸದಿಂದ ತೆಗೀತೀನಿ ಅಂತ ಕೂತಿದ್ರು. ಅವನ ಹೆಂಡತಿ ಬಸುರಿ. ಹೋಗಿ, ಕೂಗಿದ್ದು ನಾನೇ, ಅವನನ್ನ ಬಿಡಿ ಅಂದೆ. ನನ್ನನ್ನ ಮೈಕು ಬಿಡಿಸಿ ಸಾಮಾನು ಕೋಣೆಗೆ ಹಾಕಿದ್ರು. ಮೈಕಿಗೆ ವಾಪಸ್ ಬಂದ ಮೇಲೆ ಒಂದು ದಿನವೂ ಬಸ್ಸಿನ ಹಣೆಬರಹ ಕಿಟಕಿಯಿಂದ ಕಣ್ಣಾರೆ ಓದದೆ ಬಾಯಿ ತೆರೆದಿಲ್ಲ. ಬಾಯಲ್ಲಿ ರೊಟ್ಟಿಯೂ ಇಟ್ಟಿಲ್ಲ.”

ಮರುವಾರ ಕೆಲಸ ಸಿಕ್ಕಿತು. ಆದರೆ ಮೈಕಿನದಲ್ಲ. ದೂರು ಕೇಳುವ ಕಿಟಕಿಯಲ್ಲಿ!

“ನನ್ನ ಗಂಟಲನ್ನ ಗಾಜಿನ ಹಿಂದೆ ಕೂರಿಸಿಬಿಟ್ರು ಅಕ್ಕಾ,” ಎಂದು ನನ್ನ ಜಗಲಿಯಲ್ಲಿ ಕೂತು ಮುಖ ಊದಿಸಿದಳು. ಹೋಗುವುದಿಲ್ಲವೆಂದಳು. ಲಿಸಾಂದ್ರಾ ಸೋಮವಾರ ಅವಳನ್ನು ಹೆಚ್ಚುಕಡಿಮೆ ದಬ್ಬಿಕೊಂಡೇ ಹೋದಳು.

ಮೊದಲು ಬಂದವನು ಕೋಳಿ ಪಂಜರ ಕಳೆದುಕೊಂಡ ಮುಂಗೋಪಿ. “ಯಾರು ರೀ ಇದಕ್ಕೆ ಜವಾಬ್ದಾರಿ?” ಎಂದು ಗಾಜು ಬಡಿದ.

“ತಪ್ಪು ನಮ್ದೇ ಯಜಮಾನ್ರೆ. ಕೂತ್ಕೊಳ್ಳಿ, ಹುಡುಕ್ಸೋಣ. ಕೋಳಿ ಏನು ಬಣ್ಣ?”

ಜಗಳಕ್ಕೆಂದೇ ಬಂದಿದ್ದವನು ಕೂತು ಕೋಳಿಯ ಬಣ್ಣ ಹೇಳಿದ. ಪಂಜರ ಇನ್ನೊಂದು ಬಸ್ಸಿನಲ್ಲಿ ಸಿಕ್ಕಿತು, ಜೊತೆಗೆ ಒಂದು ಮೊಟ್ಟೆಯೂ. ಅದನ್ನು ಅವಳಿಗೇ ಕೊಟ್ಟು ಹೋದ.

ಈಗ ನಾನು ಬೇಕೆಂದೇ ಆ ನಿಲ್ದಾಣಕ್ಕೆ ಹೋಗುತ್ತೇನೆ. ಅವಳ ಕಿಟಕಿಯ ಮುಂದೆ ದೂರಿಲ್ಲದವರೂ ನಿಂತಿರುತ್ತಾರೆ. ಮೊನ್ನೆ ಬೆರೋನಿಕಾ ಬಂದು, “ದೋನ್ಯಾ ಒಡಿಲಿಯಾ, ಸ್ವಲ್ಪ ಮೆಲ್ಲಗೆ ನಗ್ರಿ. ಮೈಕಿನ ಹುಡುಗ ಕೂಗೋದು ಯಾರಿಗೂ ಕೇಳಿಸ್ತಿಲ್ಲ,” ಎಂದು ಬೇಡಿಕೊಂಡಳಂತೆ.