ದಾವಣಗೆರೆಗೆ ಹೊರಟ ಹನಗೋಡಿನ ಔಷಧಿ

ಹುಣಸೂರು ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಚಿಕ್ಕಮ್ಮನದೊಂದು ಕೊರಿಯರ್ ಅಂಗಡಿ ಇದೆ. ಮೈಸೂರಿನಿಂದ ಬೆಳಗಿನ ಗಾಡಿಯಲ್ಲಿ ಬರುವ ಪಾರ್ಸಲ್‌ಗಳನ್ನು ಊರೂರಿಗೆ ಹಂಚುವುದು ನಮ್ಮ ಕೆಲಸ. ಪಿರಿಯಾಪಟ್ಟಣಕ್ಕೊಂದು ಚೀಲ, ಕೆ.ಆರ್. ನಗರಕ್ಕೊಂದು, ಎಚ್.ಡಿ. ಕೋಟೆಗೊಂದು. ಅವು ಬಸ್ಸಿನಲ್ಲಿ ಹೋಗುತ್ತವೆ. ಹುಣಸೂರು ಸುತ್ತಲಿನ ಹಳ್ಳಿಗಳಿಗೆ ನಮ್ಮಲ್ಲಿ ಕೆಲಸ ಮಾಡುವ ಅಕ್ಕ ಸ್ಕೂಟರಿನಲ್ಲಿ ತಲುಪಿಸುತ್ತಾಳೆ. ಅಕ್ಕ ನಮಗೆ ನೆಂಟಳಲ್ಲ. ಎಲ್ಲರೂ ಅಕ್ಕ ಅನ್ನುತ್ತಾರೆ, ನಾನೂ ಅನ್ನುತ್ತೇನೆ.

ನಮ್ಮ ಪಾರ್ಸಲ್‌ಗಳಲ್ಲಿ ಮುಕ್ಕಾಲು ಪಾಲು ಮೈಸೂರಿನ ಒಬ್ಬ ಔಷಧಿ ಸಗಟು ವ್ಯಾಪಾರಿಯವು. ಒಂದು ದಿನ ಅವರು ಚಿಕ್ಕಮ್ಮನಿಗೆ ಫೋನ್ ಮಾಡಿದರು. ‘ಪಾರ್ಸಲ್ ಎಲ್ಲಿಗೆ ಹೋಯ್ತು, ಯಾವಾಗ ಮುಟ್ತು ಅಂತ ನನ್ನ ಮೊಬೈಲಿಗೆ ಮೆಸೇಜ್ ಬರ್ಬೇಕು ಕಣಮ್ಮ. ಈ ತಿಂಗಳು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ.’

ಅವರು ಬಿಟ್ಟರೆ ಅಂಗಡಿ ಬಾಗಿಲು ಹಾಕಬೇಕಾಗುತ್ತದೆ ಎಂಬುದು ಚಿಕ್ಕಮ್ಮ ಫೋನ್ ಇಟ್ಟ ರೀತಿಯಲ್ಲೇ ಗೊತ್ತಾಯಿತು. ನನ್ನ ಕಡೆ ನೋಡಿ, ‘ನಿನ್ ಕಂಪೂಟ್ರು ಬುದ್ಧಿ ಈಗ ತೋರ್ಸ್ಲಾ’ ಅಂದಳು.

ನನಗೆ ಒಳಗೊಳಗೇ ಖುಷಿ. ಇಂಥದ್ದೊಂದು ಕೆಲಸ ಸಿಗಲಿ ಎಂದು ಕಾಯುತ್ತಿದ್ದೆ. ನಾನು ಯಾವ ಕ್ಲಾಸಿಗೂ ಹೋಗಿ ಕಲಿತವನಲ್ಲ. ವಿಡಿಯೋ ನೋಡಿ, ಕೆಡಿಸಿ, ಮತ್ತೆ ಸರಿಮಾಡಿ ಕಲಿತದ್ದು. ಸಿಕ್ಕಸಿಕ್ಕ ಸಾಫ್ಟ್‌ವೇರ್‌ಗಳನ್ನೆಲ್ಲ ಇಳಿಸಿಕೊಂಡು ನೋಡಿದೆ. ಕೊನೆಗೆ ಎರಡು ಉಳಿದವು. ಒಂದು ನೋಡಲು ಮಂಕು: ಮಾಸಿದ ಹಸಿರು ಪರದೆ, ಎಲ್ಲಿ ನೋಡಿದರೂ ತುಂಬಬೇಕಾದ ಖಾಲಿ ಜಾಗಗಳು. ಇನ್ನೊಂದು ಮಾತ್ರ ಮದುವಣಗಿತ್ತಿಯ ಹಾಗಿತ್ತು. ನಕ್ಷೆಯಲ್ಲಿ ಸ್ಕೂಟರ್ ಓಡುತ್ತದೆ, ಮೆಸೇಜ್ ತಾನೇ ಹೋಗುತ್ತದೆ, ಊರಿನ ಹೆಸರನ್ನು ಬಾಯಲ್ಲಿ ಹೇಳಿದರೆ ಸಾಕು, ಲೇಬಲ್ ಹೊರಗೆ ಬರುತ್ತದೆ.

ನಾನು ಸೋತದ್ದು ಆ ಬಾಯಿಮಾತಿಗೆ. ಏಕೆಂದರೆ ನಮ್ಮಲ್ಲಿ ಪಾರ್ಸಲ್ ಬೇರ್ಪಡಿಸುವುದೇ ಕೂಗಿ. ಬೆಳಿಗ್ಗೆ ಅಕ್ಕ ಒಂದೊಂದನ್ನೇ ಎತ್ತಿ ಊರಿನ ಹೆಸರು ಕೂಗುತ್ತಾಳೆ, ಚಿಕ್ಕಮ್ಮ ಆಯಾ ಚೀಲಕ್ಕೆ ಎಸೆಯುತ್ತಾಳೆ. ಅಕ್ಕ ಕೂಗುವುದನ್ನೇ ಫೋನೂ ಕೇಳಿಸಿಕೊಂಡರೆ ಯಾರೂ ಹೊಸದೇನೂ ಕಲಿಯಬೇಕಾಗಿಲ್ಲ ಅಂದುಕೊಂಡೆ.

ಮೊದಲ ದಿನವೇ ಅಕ್ಕ ಔಷಧಿಯ ಡಬ್ಬ ಎತ್ತಿ ‘ಅನಗೋಡು’ ಎಂದು ಕೂಗಿದಳು. ಲೇಬಲ್ ಸರ‍್ರನೆ ಬಂತು. ನನಗೆ ಎಷ್ಟು ಸಂಭ್ರಮವೆಂದರೆ ಅದರಲ್ಲಿ ಏನಿದೆಯೆಂದು ಓದದೆ ಅಂಟಿಸಿಬಿಟ್ಟೆ. ಆನಗೋಡು, ದಾವಣಗೆರೆ ಜಿಲ್ಲೆ ಎಂದಿತ್ತು. ಚಿಕ್ಕಮ್ಮ ಲೇಬಲ್ ನಂಬಿ, ಹೊರಜಿಲ್ಲೆಯದೆಂದು ಮೈಸೂರಿಗೆ ವಾಪಸಾಗುವ ಚೀಲಕ್ಕೆ ಅದನ್ನು ಹಾಕಿದಳು.

ಇಲ್ಲೇ ಪಕ್ಕದ ಹನಗೋಡಿನ ಮೆಡಿಕಲ್ ಸ್ಟೋರಿನವರು ಕಾಯುತ್ತಾ ಕೂತಿದ್ದರು. ವ್ಯಾಪಾರಿಯ ಮೊಬೈಲಿಗೆ ಮಾತ್ರ ತಪ್ಪದೆ ಮೆಸೇಜ್ ಹೋಗಿತ್ತು: ನಿಮ್ಮ ಪಾರ್ಸಲ್ ದಾವಣಗೆರೆಯ ದಾರಿಯಲ್ಲಿದೆ. ಡಬ್ಬ ಮೈಸೂರಿನಲ್ಲೇ ಸಿಕ್ಕಿ ಸಂಜೆ ಬಸ್ಸಿಗೆ ಹಿಂದಕ್ಕೆ ಬಂತು. ಅಷ್ಟರಲ್ಲಿ ಚಿಕ್ಕಮ್ಮ ಫೋನಿನಲ್ಲಿ ಬೈಸಿಕೊಂಡಿದ್ದಳು.

ಮಾರನೆಯ ದಿನ ಚಿಕ್ಕಮ್ಮ ಅಕ್ಕನಿಗೆ, ‘ಇವತ್ತಾರ ಸರ್ಯಾಗಿ ಯೋಳು ಕಣೆ. ಅನಗೋಡಲ್ಲ, ಹ, ಹ, ಹನಗೋಡು!’ ಅಂದಳು.

‘ನಂಗೇನ್ ಅಷ್ಟೂ ಗೊತ್ತಿಲ್ವಾ ಅಮ್ಮೋರೆ?’ ಅಂದಳು ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದೆತುಂಬ ಉಸಿರೆಳೆದು ಶುರುಮಾಡಿದಳು. ಹನಗೋಡು ಸರಿಯಾಗಿಯೇ ಬಂತು. ಹಂಪಾಪುರವೂ ಬಂತು. ಆದರೆ ಬಾಯಿ ಒಮ್ಮೆ ಆ ದಾರಿ ಹಿಡಿದ ಮೇಲೆ ನಿಲ್ಲಲಿಲ್ಲ.

‘ಹಂತರಸಂತೆ!’

ಫೋನು ಸುಮ್ಮನಾಯಿತು. ನಾನು ಸುಮ್ಮನಾಗಲಿಲ್ಲ, ನಕ್ಕುಬಿಟ್ಟೆ. ಚಿಕ್ಕಮ್ಮನೂ ನಕ್ಕಳು. ‘ಅಂತರಸಂತೇಲಿ ಎಲ್ಲೈತೆ ಹ?’

‘ಆಕು ಅಂತೀರಿ, ಆಕುದ್ರೆ ತಗಿ ಅಂತೀರಿ. ನೀವೇ ಕೂಕ್ಕೊಳಿ’ ಅಂದು ಅಕ್ಕ ಡಬ್ಬ ಕೆಳಗಿಟ್ಟಳು. ಆಮೇಲೆ ಅವಳು ಕೂಗಲಿಲ್ಲ. ಪ್ರತಿ ಪಾರ್ಸಲನ್ನೂ ತಂದು ನನ್ನ ಕಣ್ಣ ಮುಂದೆ ಹಿಡಿಯುತ್ತಿದ್ದಳು, ನಾನು ಟೈಪು ಮಾಡುತ್ತಿದ್ದೆ. ಚೀಲ ಕಟ್ಟುವುದು ತಡವಾಗಿ ಕೋಟೆಯ ಬಸ್ಸು ತಪ್ಪಿತು. ಹೀಗೇ ನಡೆದರೆ ತಿಂಗಳ ಕೊನೆಗೆ ವ್ಯಾಪಾರಿ ಏನು ಹೇಳುತ್ತಾರೆಂದು ಮೂವರಿಗೂ ಗೊತ್ತಿತ್ತು.

ಆ ಸಾಫ್ಟ್‌ವೇರ್ ಕಂಪನಿಯ ಹುಡುಗಿಗೆ ಫೋನ್ ಮಾಡಿದೆ. ತುಂಬಾ ಒಳ್ಳೆಯ ದನಿ. ‘ಸರ್, ಸ್ಪಷ್ಟವಾಗಿ ಉಚ್ಚರಿಸಿದರೆ ತೊಂದರೆ ಬರುವುದಿಲ್ಲ. ಹುಣಸೂರು ಅಂತ ಒಮ್ಮೆ ಹೇಳಿ ನೋಡೋಣ?’

‘ಉಣ್ಸೂರು’ ಅಂದೆ.

‘ಇನ್ನೊಮ್ಮೆ ಹೇಳ್ತೀರಾ ಸರ್, ಸ್ಪಷ್ಟವಾಗಿ?’ ಅಂದಳು. ನನಗೆ ಕಿವಿಯೆಲ್ಲ ಬಿಸಿಯಾಯಿತು. ಅಕ್ಕ ಯಾಕೆ ಡಬ್ಬ ಕೆಳಗಿಟ್ಟಳು ಎಂದು ಅರ್ಥವಾದದ್ದು ಆಗ. ಹುಟ್ಟಿದಂದಿನಿಂದ ಕರೆಯುತ್ತಾ ಬಂದ ಊರಿನ ಹೆಸರನ್ನು ಯಾರೋ ಪರೀಕ್ಷೆ ಮಾಡಿ ತಪ್ಪು ಅಂದರೆ, ಮುಂದಿನ ಮಾತು ಬಾಯಿಂದ ಹೊರಡುವುದಿಲ್ಲ.

ಊರುಗಳ ಪಟ್ಟಿಯನ್ನು ನಾವೇ ಬದಲಾಯಿಸಬಹುದೇ ಎಂದು ಕೇಳಿದೆ. ಆಗುವುದಿಲ್ಲ ಸರ್ ಅಂದಳು. ನಾನು ಮುಚ್ಚಿಟ್ಟಿದ್ದ ಆ ಮಂಕು ಸಾಫ್ಟ್‌ವೇರನ್ನು ಮತ್ತೆ ತೆರೆದೆ. ಅಸಹ್ಯವೆನಿಸಿದ್ದ ಖಾಲಿ ಜಾಗಗಳಲ್ಲಿ, ಪ್ರತಿ ಊರಿನ ಕೆಳಗೂ ಒಂದರ ಪಕ್ಕ ‘ಇನ್ನೊಂದು ಹೆಸರು’ ಎಂದು ಬರೆದಿತ್ತು. ಇದರಲ್ಲಿ ಮಾತಾಡಲು ಫೋನಿನ ಕೀಬೋರ್ಡಿನ ಮೈಕನ್ನೇ ಒತ್ತಬೇಕು, ನಕ್ಷೆಯಲ್ಲಿ ಸ್ಕೂಟರೂ ಓಡುವುದಿಲ್ಲ. ಆದರೂ ಮೆಸೇಜ್ ಹೋಗುತ್ತಿತ್ತು.

ಮಧ್ಯಾಹ್ನ ಅಕ್ಕ ಬುತ್ತಿ ಬಿಚ್ಚುವಾಗ ಪಕ್ಕದಲ್ಲಿ ಹೋಗಿ ಕೂತೆ. ‘ಅಕ್ಕ, ಎಲ್ಲಾ ಊರೂ ಒಂದ್ಸಲ ಹೇಳ್ತೀಯಾ?’

‘ಹ ಆಕ್ಬೇಕಾ, ಬುಡ್ಬೇಕಾ? ಅದ್ನ ಮೊದ್ಲು ಯೋಳು.’

‘ನಿಂಗೆ ಎಂಗ್ ಬತ್ತದೋ ಅಂಗೆ.’

ಅವಳು ಅನುಮಾನದಿಂದ ನನ್ನ ಮುಖ ನೋಡಿದಳು. ಮುದ್ದೆ ಮುರಿಯುತ್ತಾ, ಸೊಪ್ಪಿನ ಸಾರು ಸುರಿಯುತ್ತಾ ಒಂದೊಂದಾಗಿ ಹೇಳತೊಡಗಿದಳು. ಅನಗೋಡು. ಅಂಪಾಪುರ. ಆರ‍್ನಳ್ಳಿ. ಅವಳ ಬಾಯಲ್ಲಿ ಬಂದದ್ದನ್ನು ಬಂದ ಹಾಗೇ ಆ ಖಾಲಿ ಜಾಗದಲ್ಲಿ ತುಂಬಿದೆ. ಮರುದಿನ ಬೆಳಿಗ್ಗೆ ಪಕ್ಕದ ಹೋಟೆಲಿಗೂ ಕೇಳುವಂತೆ ಕೂಗಿದಳು. ಲೇಬಲ್ಲಿನಲ್ಲಿ ಹನಗೋಡು, ಹುಣಸೂರು ತಾಲ್ಲೂಕು ಎಂದೇ ಬಂತು.

ತಿಂಗಳ ಕೊನೆಯಲ್ಲಿ ವ್ಯಾಪಾರಿಯ ಫೋನ್ ಬಂದಾಗ ಚಿಕ್ಕಮ್ಮ ಎದ್ದು ನಿಂತು ಮಾತಾಡಿದಳು. ‘ಆಗ್ಲಿ ಸಾರ್, ಆಗ್ಲಿ ಸಾರ್’ ಅನ್ನುತ್ತಿದ್ದಳು. ಫೋನ್ ಇಟ್ಟು ಕುರ್ಚಿಯ ಮೇಲೆ ಧೊಪ್ಪನೆ ಕೂತಳು. ‘ಮುಂದ್ಕೂ ಅವ್ರ ಪಾರ್ಸಲ್ ನಾವೇ ನೋಡ್ಕಬೇಕಂತೆ. ಲೇ, ಆ ಶೋಕಿದು ತಗ್ದಾಕು ಮೊದ್ಲು.’

ತೆಗೆಯಲು ಹೋದರೆ, ನಮ್ಮನ್ನು ಯಾಕೆ ಬಿಡುತ್ತಿದ್ದೀರಿ ಎಂದು ಅದು ಕೇಳಿತು. ಅದು ಕೊಟ್ಟ ಕಾರಣಗಳಲ್ಲಿ ನಮ್ಮದು ಇರಲಿಲ್ಲ. ಏನು ಬರೆಯಲಿ ಎಂದು ಯೋಚಿಸುತ್ತಿದ್ದಾಗ ಅಕ್ಕ ಹೆಗಲ ಮೇಲಿಂದ ಇಣುಕಿದಳು.

‘ಬೈಬ್ಯಾಡ ಕಣ್ಲಾ’ ಅಂದಳು. ‘ಪಾಪ, ಅದು ಈ ಕಡೀಕೆ ಬಂದೇ ಇಲ್ವೇನೋ.’